ಬಡಿಯುತ್ತಿದ್ದ ಗುಂಡಿ ಮಷಿನ್

ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ನಾನಾಗ ಮೆಕ್ಯಾನಿಕ್ ಹೆಲ್ಪರ್. ಕೊನೇ ಸಾಲಿನಲ್ಲಿ ಅಂಗಿಗೆ ಗುಂಡಿ ಹಾಕುವ ಹಳೇ ಮಷಿನ್ ಒಂದಿತ್ತು. ಪೆಡಲ್ ಒತ್ತಿದರೆ 8 ಇಲ್ಲವೇ 16 ಹೊಲಿಗೆ ಹಾಕಿ ತಾನಾಗೇ ನಿಲ್ಲಬೇಕು. ನಿಲ್ಲುವುದೇನೋ ನಿಲ್ಲುತ್ತಿತ್ತು, ಆದರೆ ಟೇಬಲ್ಲೇ ಅದುರುವ ಹಾಗೆ ಠಣ್ಣನೆ ಬಡಿದು. ಕೆಲವು ಸಲ ಸ್ಟಾಪಿನ ಕೊಕ್ಕೆ ಕ್ಯಾಮಿನ ಗುಳಿಯಲ್ಲಿ ಕೂರದೆ ಪುಟಿದು, ಸೂಜಿ ಬಟ್ಟೆಯೊಳಗೇ ಸಿಕ್ಕಿಕೊಳ್ಳುತ್ತಿತ್ತು.

ಈ ಮಷಿನ್ನಿಗೆ ಬಾಬಿನ್ ಇಲ್ಲ, ಒಂದೇ ದಾರದ ಸರಪಳಿ ಹೊಲಿಗೆ. ನಿಲ್ಲಬೇಕಾದ ಜಾಗ ತಪ್ಪಿದರೆ ದಾರ ಕತ್ತರಿಸುವುದೂ ತಪ್ಪುತ್ತದೆ. ಉದ್ದ ಉಳಿದ ತುದಿಯನ್ನು ಎಳೆದರೆ ಹೊಲಿಗೆ ಬಿಚ್ಚಿ ಗುಂಡಿ ಕೈಗೇ ಬರುತ್ತದೆ. ಹೊಸ ಅಂಗಿಯ ಗುಂಡಿ ಒಂದೇ ಒಗೆತಕ್ಕೆ ಉದುರಿತೆಂದು ಗೊಣಗುತ್ತೇವಲ್ಲ, ಅದರ ಹಿಂದೆ ಇಂಥದೇ ಕಥೆ ಇರಬಹುದು.

ಬಂದ ಮೆಕ್ಯಾನಿಕ್ಕುಗಳೆಲ್ಲ ಸದ್ದು ಬರುವ ಜಾಗಕ್ಕೇ ಕೈ ಹಾಕಿದ್ದರು. ಕೊಕ್ಕೆ ಬದಲಾಯಿಸಿದರು, ಸ್ಪ್ರಿಂಗ್ ಬಿಗಿ ಮಾಡಿದರು. ಬಿಗಿದಷ್ಟೂ ಬಡಿತ ಜೋರಾಯಿತು. ಕಡೆಗೆ ನಮ್ಮ ಹಿರಿಯ ಮೆಕ್ಯಾನಿಕ್ ಬಂದರು. ಸ್ಪ್ಯಾನರ್ ಮುಟ್ಟಲೇ ಇಲ್ಲ. ಮಷಿನ್ ಮುಂದೆ ಕೂತಿದ್ದ ಅಕ್ಕನನ್ನು ಕೇಳಿದರು: "ಯಾವಾಗ ಬಡಿಯುತ್ತಮ್ಮಾ ಇದು?"

"ಬೆಳಿಗ್ಗೆ ಸುಮ್ನೇ ಇರ್ತದಣ್ಣಾ. ಟೀ ಕುಡ್ದು ಬಂದ್ಮೇಲೆ ಶುರು ಆಗ್ತದೆ. ಊಟ ಆದ್ಮೇಲಂತೂ ಕೇಳ್ಬೇಡಿ."

ಅಷ್ಟು ದಿನ ಅವರನ್ನು ಈ ಮಾತು ಯಾರೂ ಕೇಳಿರಲಿಲ್ಲ.

ಸ್ವಿಚ್ ಆರಿಸಿ, ಬೆಲ್ಟ್ ಕಳಚಿ, ಹಿರಿಯರು ಪುಲ್ಲಿಯನ್ನು ಬೆರಳಿನಿಂದ ತಿರುಗಿಸಿದರು. ಕ್ಲಚ್ ಬಿಟ್ಟಿರುವಾಗ ಪುಲ್ಲಿ ಶಾಫ್ಟಿನ ಮೇಲೆ ಒಂಟಿಯಾಗಿ ಸುತ್ತಬೇಕು. ಇದು ಶಾಫ್ಟನ್ನೂ ಎಳೆದುಕೊಂಡೇ ಸುತ್ತಿತು. ಎಣ್ಣೆ ಬಿಡುವ ತೂತಿನಲ್ಲಿ ಹತ್ತಿಯ ಧೂಳು ಗಟ್ಟಿಯಾಗಿ ಕೂತು, ಒಳಗೆ ಹನಿಯೂ ಇಳಿದಿರಲಿಲ್ಲ. ತಣ್ಣಗಿರುವಾಗ ಹೇಗೋ ಜಾರುತ್ತಿದ್ದ ಪುಲ್ಲಿ ಕಾದ ಮೇಲೆ ಕಚ್ಚಿಕೊಳ್ಳುತ್ತಿತ್ತು. ಹೀಗಾಗಿ ಕೊನೆಯ ಹೊಲಿಗೆಗೆ ವೇಗ ಇಳಿಯಬೇಕಾದ ಹೊತ್ತಿನಲ್ಲೂ ಮೋಟರು ತಳ್ಳುತ್ತಲೇ ಇತ್ತು. ಓಡುವ ಎತ್ತನ್ನು ಮೂಗುದಾರ ಜಗ್ಗಿ ನಿಲ್ಲಿಸಿದ ಹಾಗೆ, ಪೆಟ್ಟೆಲ್ಲ ಕೊಕ್ಕೆಯ ಮೇಲೆ.

ಪುಲ್ಲಿ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯುವುದು ನನ್ನ ಪಾಲಿಗೆ ಬಂತು. ಶಾಫ್ಟನ್ನು ನಯವಾದ ಎಮೆರಿ ಕಾಗದದಿಂದ ಉಜ್ಜಿ, ತೂತು ಬಿಡಿಸಿ, ಎರಡೇ ಹನಿ ಎಣ್ಣೆ ಬಿಟ್ಟೆವು. ಹೆಚ್ಚಾದರೆ ಕ್ಲಚ್ಚಿನ ಮುಖಕ್ಕೆ ಹರಿದು ಅದೇ ಜಾರತೊಡಗುತ್ತದೆ. ವಿಪರೀತ ಬಿಗಿದಿದ್ದ ಸ್ಪ್ರಿಂಗನ್ನು ಅವರೇ ಸಡಿಲಿಸಿದರು. ಆಮೇಲೆ ಮಷಿನ್ನನ್ನು ಕೈಯಿಂದ ತಿರುಗಿಸಿ, ಕೊಕ್ಕೆ ಗುಳಿಯ ತಳ ಮುಟ್ಟುವುದನ್ನೂ ಸೂಜಿ ಬಟ್ಟೆಯಿಂದ ಮೇಲೆ ಬಂದು ನಿಲ್ಲುವುದನ್ನೂ ಕಣ್ಣಾರೆ ನೋಡಿದ ಮೇಲೆಯೇ ಬೆಲ್ಟ್ ಹಾಕಿಸಿದರು. ಅವತ್ತು ಊಟದ ನಂತರವೂ ಬಡಿತ ಕೇಳಲಿಲ್ಲ.

ಹೊಸ ಮಷಿನ್‌ಗಳಿಗೆ ಸರ್ವೋ ಮೋಟರ್ ಬಂದು ಈ ರಗಳೆ ತಪ್ಪಿದೆ. ಆದರೆ ಸಣ್ಣ ಯೂನಿಟ್‌ಗಳಲ್ಲಿ ಹಳೆಯವು ಇನ್ನೂ ದುಡಿಯುತ್ತಿವೆ. ನಿಮ್ಮಲ್ಲೂ ಒಂದಿದ್ದು ಬಡಿಯತೊಡಗಿದರೆ, ಸ್ಪ್ರಿಂಗ್ ಮುಟ್ಟುವ ಮೊದಲು ಸ್ವಿಚ್ ಆರಿಸಿ, ಬೆಲ್ಟ್ ತೆಗೆದು, ಪುಲ್ಲಿ ಸಲೀಸಾಗಿ ಸುತ್ತುತ್ತದೆಯೇ ನೋಡಿ. ಅದಕ್ಕೂ ಮುಂಚೆ ಹೊಲಿಯುವವರನ್ನು ಕೇಳಿ.