ಗೋಡೆಗೆ ಇಳಿದ ನೀರು

ಮನೆಯ ಒಂದು ಪ್ಲಾಸ್ಟಿಕ್ ಕೊಳವೆಯ ವಿಷಯವನ್ನು ಈ ಪತ್ರಿಕೆಯ ಪುಟಗಳಲ್ಲಿ ಬರೆಯುವುದು ಉಚಿತವೇ ಎಂದು ನಾನು ಬಹಳ ದಿನ ಯೋಚಿಸಿದೆ. ಶಾಸ್ತ್ರ, ಸಾಹಿತ್ಯಗಳನ್ನು ಕುರಿತು ಬರೆಯುತ್ತ ಬಂದವನಿಗೆ ಇದು ಒಗ್ಗುವ ವಸ್ತುವಲ್ಲವೆಂದು ಒಂದು ಮನಸ್ಸು ಹೇಳುತ್ತಿತ್ತು. ಆದರೆ ಆ ಕೊಳವೆಯ ನೆಪದಲ್ಲಿ ನನ್ನ ನಾಲಿಗೆಯಿಂದ ಒಂದು ಅನ್ಯಾಯ ನಡೆದುಹೋಯಿತು. ಸುಮಾರು ನಲವತ್ತು ವರ್ಷ ಜೋಪಾನ ಮಾಡಿದ ಬರಹಗಳಲ್ಲಿ ಕೆಲವು ನೀರುಪಾಲಾದವು. ಈಚಿನ ವರ್ಷಗಳಲ್ಲಿ ನಮ್ಮ ಬಂಧುಗಳ ಎಷ್ಟೋ ಮನೆಗಳಲ್ಲಿ ಹವಾನಿಯಂತ್ರಕ ಬಂದು ಕುಳಿತಿದೆ. ಯಾರಿಗಾದರೂ ಉಪಯೋಗಕ್ಕೆ ಬಂದೀತೆಂದು ಇದನ್ನು ಓದುಗರ ಮುಂದಿಡುತ್ತಿದ್ದೇನೆ.

ನಾವಿರುವುದು ಕಲಬುರಗಿಯಲ್ಲಿ. ಇಲ್ಲಿಯ ಬೇಸಿಗೆಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮೇ ತಿಂಗಳಲ್ಲಿ ಉಷ್ಣಮಾನ 42, 43 ಡಿಗ್ರಿಗೆ ಏರುವುದು ಇಲ್ಲಿ ಹೊಸ ಸುದ್ದಿಯಲ್ಲ. ಬಾಲ್ಯದಲ್ಲಿ ಮಠದ ಪ್ರಸಾದನಿಲಯದ ಹುಡುಗರು ನಾವೆಲ್ಲ ಶಹಾಬಾದ್ ಕಲ್ಲು ಹಾಸಿದ ಅಂಗಳಕ್ಕೆ ಸಂಜೆ ನೀರು ಹೊಯ್ದು, ಅದು ಆರಿದ ಮೇಲೆ ಚಾಪೆ ಹಾಸಿ ಮಲಗುತ್ತಿದ್ದೆವು. ಆ ಅಭ್ಯಾಸದ ಬಲದಿಂದ ನಾನು ಯಂತ್ರದ ತಂಪನ್ನು ಬಹುಕಾಲ ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. 2023ರ ಏಪ್ರಿಲಿನಲ್ಲಿ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ನನ್ನ ವಿರೋಧ ನಡೆಯಲಿಲ್ಲ. ಅಳಿಯಂದಿರು ಒಂದೂವರೆ ಟನ್ನಿನ ಯಂತ್ರವನ್ನು ಕಳಿಸಿಕೊಟ್ಟರು. ಮನೆಯಲ್ಲಿ ನನ್ನ ಓದುವ ಕೋಣೆಯೇ ದೊಡ್ಡದು. ಅದನ್ನೇ ಮಗಳಿಗೆ ಬಿಟ್ಟುಕೊಟ್ಟು, ಪುಸ್ತಕಗಳ ಗೋಡೆ ಅಲಮಾರದ ಮೇಲ್ಭಾಗದಲ್ಲಿ ಯಂತ್ರವನ್ನು ಕೂಡಿಸಿದೆವು. ಮಗಳೂ ಮೊಮ್ಮಗುವೂ ಊರಿಗೆ ಹೋದ ಮೇಲೆ ಕೋಣೆ ನನಗೆ ಮರಳಿತು, ಯಂತ್ರವೂ ಅದರೊಡನೆ ಉಳಿಯಿತು. ಮುಚ್ಚುಮರೆಯಿಲ್ಲದೆ ಹೇಳುವುದಾದರೆ ಅದರ ತಂಪು ನನಗೂ ಹಿತವಾಯಿತು.

ಯಂತ್ರ ಕೂಡಿಸಲು ಬಂದವರು ನೀರಿನ ಕೊಳವೆಯನ್ನು ಹೊರಗೋಡೆಯ ಮೇಲೆ ನೇರವಾಗಿ ಕೆಳಕ್ಕೆ ಬಿಡುತ್ತೇವೆ ಎಂದಿದ್ದರು. ಆ ಜಾಗದ ಕೆಳಗೆ ಪೂಜೆಗೆ ಹೂ ಬಿಡಿಸುವ ಕಣಗಿಲೆ, ಮಲ್ಲಿಗೆಯ ಗಿಡಗಳಿವೆ. ಯಂತ್ರದ ಹೊಲಸು ನೀರು ಪೂಜೆಯ ಹೂವಿನ ಗಿಡಕ್ಕೆ ಬೀಳಕೂಡದೆಂದು ನಾನು ಹಟ ಹಿಡಿದೆ. ಕೊಳವೆಯನ್ನು ಗೋಡೆಯುದ್ದಕ್ಕೂ ಹದಿನಾಲ್ಕು ಅಡಿ ಅಡ್ಡಲಾಗಿ ಒಯ್ದು ಹಿತ್ತಲಿನ ಮೋರಿಗೆ ಬಿಡಿಸಿದೆ. ಅವರಲ್ಲಿ ಹಿರಿಯನಾದವನು, "ಇಷ್ಟು ಉದ್ದ ಅಡ್ಡ ಹೋದ್ರ ಇಳಿಜಾರು ಸಿಗಂಗಿಲ್ರಿ" ಎಂದು ಮೆಲ್ಲಗೆ ಹೇಳಿದ. "ಹೇಳಿದಷ್ಟು ಮಾಡಪ್ಪಾ" ಎಂದು ನಾನು ಒಳಗೆ ಬಂದೆ.

ಆ ನೀರು ಎಲ್ಲಿಂದ ಬರುತ್ತದೆ ಎಂಬುದೇ ಆಗ ನನಗೆ ತಿಳಿದಿರಲಿಲ್ಲ. ಕೂಲರಿಗೆ ನೀರು ತುಂಬಿಸುವಂತೆ ಇದಕ್ಕೂ ಒಳಗೆಲ್ಲೋ ತುಂಬಿಸಿರುತ್ತಾರೆಂದು ಭಾವಿಸಿದ್ದೆ. ವಾಸ್ತವದಲ್ಲಿ ಅದು ನಾವು ಉಸಿರಾಡುವ ಗಾಳಿಯೊಳಗಿನ ನೀರೇ. ಮಳೆಗಾಲದಲ್ಲಿ ತಣ್ಣೀರಿನ ತಂಬಿಗೆಯ ಹೊರಮೈ ಬೆವರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಯಂತ್ರದೊಳಗಿನ ತಣ್ಣನೆಯ ಸುರುಳಿಗೆ ಕೋಣೆಯ ಗಾಳಿ ತಾಕಿದಾಗ ನಡೆಯುವುದೂ ಅದೇ. ಹಾಗೆ ಹನಿಗಟ್ಟಿದ ನೀರು ಸುರುಳಿಯ ಕೆಳಗಿನ ತಟ್ಟೆಗೆ ಇಳಿದು, ಅಲ್ಲಿಂದ ಕೊಳವೆಯ ಮೂಲಕ ಹೊರಗೆ ಹೋಗುತ್ತದೆ. ನಮ್ಮ ಯಂತ್ರದಲ್ಲಿ ಅದನ್ನು ನೂಕಲು ಯಾವ ಪಂಪೂ ಇಲ್ಲ. ತನ್ನ ಭಾರದಿಂದ ತಾನೇ ಹರಿದುಹೋಗಬೇಕು. ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳ ಗಾಳಿ ಒಣಗಾಳಿಯಾದ್ದರಿಂದ ಆಗ ಬರುವ ನೀರು ಅತ್ಯಲ್ಪ. ಮಳೆ ಬಿದ್ದು ಗಾಳಿಯಲ್ಲಿ ತೇವ ಸೇರಿದೊಡನೆ ಒಂದೇ ರಾತ್ರಿಯಲ್ಲಿ ಅರ್ಧ ಬಕೆಟ್ಟು ತುಂಬುತ್ತದೆ. ಬೇಸಿಗೆಯುದ್ದಕ್ಕೂ ಸುಮ್ಮನಿದ್ದ ದೋಷ ಮುಂಗಾರಿನಲ್ಲಿ ಮೇಲೆ ಬರುವುದು ಈ ಕಾರಣದಿಂದ.

ಮೊದಲ ವರ್ಷ ಯಾವ ತೊಂದರೆಯೂ ಕಾಣಲಿಲ್ಲ. 2024ರ ಜೂನಿನಲ್ಲಿ ಮಳೆ ಹಿಡಿದ ಮೇಲೆ ಅಲಮಾರದ ಮುಂದಿನ ನೆಲ ಬೆಳಗಿನ ಹೊತ್ತು ಒದ್ದೆಯಾಗಿರತೊಡಗಿತು. ನಮ್ಮ ಮನೆಯಲ್ಲಿ ಹನ್ನೊಂದು ವರ್ಷಗಳಿಂದ ಕಸ, ಮುಸುರೆ ಮಾಡುವ ಹೆಣ್ಣುಮಗಳೊಬ್ಬಳಿದ್ದಾಳೆ. ನನ್ನ ಸಿಟ್ಟೆಲ್ಲ ಆಕೆಯ ಮೇಲೆ ತಿರುಗಿತು. "ನೆಲ ಒರೆಸಿದ ಮೇಲೆ ಅರಿವೆ ಹಿಂಡುವ ರೂಢಿ ಇಲ್ಲೇನವ್ವಾ?" ಎಂದೆ. "ಚೊಲೋತ್ನಂಗ ಹಿಂಡೇ ಒರಸ್ತೀನ್ರಿ ಯಪ್ಪಾ" ಎಂದಳು. ಎರಡನೆಯ ಸಲ ಇನ್ನಷ್ಟು ಗಡುಸಾಗಿ ಹೇಳಿದೆ. ಮೂರನೆಯ ಸಲ ಮನೆಗೆ ಬಂದಿದ್ದ ಹಿರಿಯರೊಬ್ಬರ ಎದುರಿಗೇ ಅಂದುಬಿಟ್ಟೆ. ಅಂದಿನಿಂದ ಆಕೆ ಉತ್ತರ ಕೊಡುವುದನ್ನು ನಿಲ್ಲಿಸಿದಳು. ಆ ಮೂಲೆಯನ್ನು ಎರಡೆರಡು ಸಲ ಒರೆಸಿ ಹೋಗುತ್ತಿದ್ದಳು.

ನನ್ನ ಮನೆಯವರು ಎಚ್ಚರಿಸದೆ ಇರಲಿಲ್ಲ. "ಆಕಿ ಬರೂಕಿಂತ ಮೊದಲೇ ನೆಲ ಹಸಿ ಇರ್ತದ್ರೀ. ಒಮ್ಮೆ ಮ್ಯಾಲ ನೋಡ್ರಿ" ಎಂದರು. ನಾನೊಂದು ಗ್ರಂಥದ ಕರಡು ತಿದ್ದುವುದರಲ್ಲಿ ಮುಳುಗಿದ್ದೆ, ಕಿವಿಗೊಡಲಿಲ್ಲ. ಬೆಳಗಿನ ಐದಕ್ಕೆ ಎದ್ದು ಆ ಕೋಣೆಯನ್ನು ದಾಟಿ ಹೋಗುವವನು ನಾನೇ. ಆಕೆ ಕೆಲಸಕ್ಕೆ ಬರುವುದು ಏಳು ಗಂಟೆಗೆ. ಐದಕ್ಕೆ ಕಂಡ ನೀರಿಗೆ ಏಳಕ್ಕೆ ಬರುವವಳು ಕಾರಣಳಾಗುವುದು ಹೇಗೆ? ಮಠದಲ್ಲಿ ವರ್ಷಗಟ್ಟಲೆ ತರ್ಕಶಾಸ್ತ್ರ ಓದಿದ ನನಗೆ ಈ ಸಣ್ಣ ದೋಷ ಹೊಳೆಯಲಿಲ್ಲ.

ಜುಲೈ ತಿಂಗಳ ಒಂದು ಮಧ್ಯಾಹ್ನ, ಒಂದು ಪಾಠಾಂತರವನ್ನು ನೋಡಬೇಕಾಗಿ ಅಲಮಾರದ ಮೇಲಿನ ಖಾನೆಯನ್ನು ತೆರೆದೆ. ಕಮಟು ವಾಸನೆ ಮುಖಕ್ಕೆ ಬಡಿಯಿತು. ಅಲ್ಲಿದ್ದವು ನನ್ನ ಹನ್ನೊಂದು ನೋಟುಬುಕ್ಕುಗಳು. 1984ರಿಂದ 1986ರವರೆಗೆ ಮಠದಲ್ಲಿ ಗುರುಗಳ ಎದುರಿಗೆ ಕುಳಿತು, ತಾಡೋಲೆಯ ಕಟ್ಟುಗಳಿಂದ ಪ್ರತಿ ಮಾಡಿಕೊಂಡವು. ಆ ಓಲೆಗಳಲ್ಲಿ ಕೆಲವು ಆಗಲೇ ಮುಟ್ಟಿದರೆ ಮುರಿಯುವಂತಿದ್ದವು; ಇಂದು ಅವು ಉಳಿದಿಲ್ಲ. ಯಂತ್ರದ ಹಿಂಬದಿಯಿಂದ ನೀರು ಗೋಡೆಗುಂಟ ಇಳಿದು ಅಲಮಾರದ ಹಿಂದಿನ ಹಲಗೆಯನ್ನು ನೆನೆಸಿತ್ತು. ಮೂರು ಪುಸ್ತಕಗಳು ಹಲಗೆಗೇ ಅಂಟಿಕೊಂಡಿದ್ದವು. ಮಸಿಯ ಪೆನ್ನಿನಿಂದ ಬರೆದ ಪುಟಗಳಲ್ಲಿ ಅಕ್ಷರವೆಂಬುದು ಇರಲಿಲ್ಲ, ನೀಲಿ ಮೋಡವಿತ್ತು. ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ಬಾಲ್ ಪೆನ್ನಿನಿಂದ ಬರೆದರೆ ಅಕ್ಷರ ಕೆಡುತ್ತದೆಂದು ಗುರುಗಳು ಗದರುತ್ತಿದ್ದರು. ಅವರು ಊರಲ್ಲಿಲ್ಲದ ದಿನಗಳಲ್ಲಿ ನಾನು ಕದ್ದು ಆ ಪೆನ್ನನ್ನೇ ಬಳಸಿದ್ದೆ. ಎಣ್ಣೆಯಂಶದ ಆ ಮಸಿ ನೀರಿಗೆ ಕರಗದೆ, ಆ ಪುಟಗಳಷ್ಟೇ ಇಂದಿಗೂ ಓದಲು ಬರುತ್ತವೆ.

ಮರುದಿನ ದುರಸ್ತಿಗೆ ಒಬ್ಬ ತರುಣ ಬಂದ. ಅವನು ಮೊದಲು ಮಾಡಿದ್ದು ಮೀಟರಿನ ಬಳಿಯ ಸ್ವಿಚ್ಚು ತೆಗೆದು ವಿದ್ಯುತ್ತನ್ನು ಪೂರ್ತಿ ನಿಲ್ಲಿಸಿದ್ದು. ಬಳಿಕ ಮುಂದಿನ ಮುಚ್ಚಳ ತೆಗೆದು, ಒಂದು ಮಗ್ಗು ನೀರನ್ನು ನಿಧಾನವಾಗಿ ತಟ್ಟೆಗೆ ಸುರಿದು, ಹಿತ್ತಲಿಗೆ ಹೋಗಿ ನೋಡೆಂದು ನನ್ನನ್ನೇ ಕಳಿಸಿದ. ಮೋರಿಯ ಬಾಯಲ್ಲಿ ಒಂದು ಹನಿಯೂ ಬೀಳಲಿಲ್ಲ. ತಿರುಗಿ ಬರುವಷ್ಟರಲ್ಲಿ ನೀರು ಗೋಡೆಗುಂಟ ಇಳಿಯುತ್ತಿತ್ತು.

ಹೊರಗೆ ಬಂದು ಅವನು ಕೊಳವೆಯನ್ನು ತೋರಿಸಿದ. ಅದು ಬಳುಕುವ, ಸುಕ್ಕುಸುಕ್ಕಾದ ಪ್ಲಾಸ್ಟಿಕ್ಕು. ಮೊಳೆಗೆ ತಂತಿ ಕಟ್ಟಿ ನಿಲ್ಲಿಸಿದ್ದರಿಂದ ಎರಡು ಮೊಳೆಗಳ ನಡುವೆ ಬಿಸಿಲಿಗೆ ಜೋತು ಹೊಟ್ಟೆ ಬಿಟ್ಟಿತ್ತು. ಪ್ರತಿಯೊಂದು ಹೊಟ್ಟೆಯಲ್ಲಿಯೂ ನೀರು ನಿಂತು, ನಡುವೆ ಗಾಳಿ ಸಿಕ್ಕಿಬಿದ್ದು ಹರಿವು ಕಟ್ಟಿತ್ತು. ನಿಂತ ನೀರಿನಲ್ಲಿ ಧೂಳು ಕೂಡಿ ಕಪ್ಪು ಲೋಳೆ ಬೆಳೆದಿತ್ತು. ಬಾಗಿಸಿದಾಗ ಕೊಳವೆ ಹಪ್ಪಳದಂತೆ ಮುರಿಯಿತು. "ಇದನ್ನ ಊದಿ ಸ್ವಚ್ಛ ಮಾಡಿದ್ರ ಎಂಟು ದಿನ ನಡೀತದ್ರಿ. ಪೂರಾ ಬದಲಿ ಮಾಡಬೇಕು. ಒಂದು ಮೀಟರಿಗೆ ಒಂದು ಸೆಂಟಿಮೀಟರಾದ್ರೂ ಇಳಿಜಾರು ಬೇಕ್ರಿ, ಸರ. ಇಷ್ಟು ದೂರಕ್ಕ ನಾಕು ಸೆಂಟಿಮೀಟರ್ ಇಳೀಬೇಕಿತ್ತು. ಇಲ್ಲಿ ನಡುವ ಮ್ಯಾಲೇ ಏರ್ಯಾದ. ಯಾರ್ ಹೀಂಗ ಹಾಕಿಸಿದ್ರಿ?" ಎಂದ.

ನಾನು ಉತ್ತರಿಸಲಿಲ್ಲ. ಮಠದಲ್ಲಿ ದಾಸೋಹದ ಅಡುಗೆಮನೆಯ ಕಾಲುವೆಯನ್ನು ತೊಳೆಯುವ ಪಾಳಿ ವಾರಕ್ಕೊಮ್ಮೆ ನಮ್ಮದಿರುತ್ತಿತ್ತು. ಅಡುಗೆಯ ಅಜ್ಜನವರು ಮೇಲಿನ ತುದಿಯಲ್ಲಿ ಒಂದು ಕೊಡ ನೀರು ಸುರಿದು, ಅದು ಎಲ್ಲಿ ನಿಲ್ಲುತ್ತದೆಂದು ನೋಡಿ ಬರಲು ನಮ್ಮನ್ನು ಅಟ್ಟುತ್ತಿದ್ದರು. ಈ ಹುಡುಗ ಮಾಡಿದ್ದೂ ಅದನ್ನೇ.

ಈ ಸಲ ಕೊಳವೆ ನೇರವಾಗಿ ಕೆಳಕ್ಕೆ ಇಳಿಯಿತು. ಗೋಡೆಯ ರಂಧ್ರಕ್ಕೆ ರಸಮಟ್ಟ ಹಿಡಿದು, ಅದು ಹೊರಗಡೆಗೆ ತುಸು ಬಾಗಿರುವುದನ್ನು ಅವನು ಖಚಿತಪಡಿಸಿಕೊಂಡ. ರಂಧ್ರದೊಳಗೆ ನೀರಿನ ಕೊಳವೆ ತಾಮ್ರದ ಕೊಳವೆಗಳ ಮೇಲೆ ಕುಳಿತಿತ್ತು. ಅದು ಯಾವಾಗಲೂ ಎಲ್ಲಕ್ಕಿಂತ ಕೆಳಗಿರಬೇಕೆಂದು ಕಟ್ಟನ್ನು ಬಿಚ್ಚಿ ಮರುಜೋಡಿಸಿದ. ಒಳಭಾಗದ ಕೊಳವೆಗೆ ಸ್ಪಂಜಿನಂತಹ ಹೊದಿಕೆ ಸುತ್ತಿದ. ಒಳಗಿನ ತಣ್ಣೀರಿನಿಂದ ಕೊಳವೆಯೂ ಬೆವರಿ ಗೋಡೆಯನ್ನು ನೆನೆಸುತ್ತದಂತೆ. ಹೊರಗೆ ಮುಕ್ಕಾಲು ಇಂಚಿನ ಗಟ್ಟಿ ಪಿವಿಸಿ ಕೊಳವೆಯನ್ನು ಗೋಡೆಗೆ ಬಿಗಿದ. ಅದರ ತುದಿಯನ್ನು ಮೋರಿಗೆ ಜೋಡಿಸಲಿಲ್ಲ. ಜೋಡಿಸಿದರೆ ದುರ್ವಾಸನೆಯೂ ಹುಳುಗಳೂ ಅದೇ ದಾರಿಯಿಂದ ಕೋಣೆಗೆ ಬರುತ್ತವೆ. ತುದಿ ನಿಂತ ನೀರಿನಲ್ಲಿ ಮುಳುಗಿರಲೂ ಬಾರದು. ಆದ್ದರಿಂದ ಕೆಳಗೆ ಬಕೆಟ್ಟು ಇಟ್ಟು, ಅದರ ಬಾಯಿಗಿಂತ ಅರ್ಧ ಅಡಿ ಮೇಲೆ ತುದಿಯನ್ನು ನಿಲ್ಲಿಸಿದ. ನಾಲ್ಕು ಮಗ್ಗು ನೀರು ಸುರಿದು ನೋಡಿದೆವು. ಸುರಿದಷ್ಟೂ ಬಂತು. ಎರಡು ಗಂಟೆಯ ಕೆಲಸ.

"ಈ ನೀರು ಗಿಡಕ್ಕ ನಡೀತದೇನಪ್ಪಾ?" ಎಂದು ಕೇಳಿದೆ. "ಗಿಡಕ್ಕ ಚೊಲೋನೇ ಅದ್ರಿ. ನಿಮ್ಮ ಬೋರಿನ ನೀರಿನಂಗ ಇದರಾಗ ಉಪ್ಪು ಇರಂಗಿಲ್ಲ. ಕುಡೀಲಿಕ್ಕೆ ಮಾತ್ರ ಬ್ಯಾಡ" ಎಂದ. ಹೊಲಸು ನೀರೆಂದು ನಾನು ದೂರ ಅಟ್ಟಿದ್ದು ಇದನ್ನೇ.

ನೆನೆದ ಪುಸ್ತಕಗಳನ್ನು ಬಿಸಿಲಿಗೆ ಹಾಕದೆ, ಪುಟಗಳ ನಡುವೆ ಬಿಳಿಯ ಹಾಳೆ ಇಟ್ಟು, ಫ್ಯಾನಿನ ಗಾಳಿಗೆ ಒಣಗಿಸಿದೆ. ದಿನಕ್ಕೆ ಎರಡು ಸಲ ಹಾಳೆ ಬದಲಿಸಬೇಕಾಯಿತು. ಆ ದಿನಗಳಲ್ಲಿ ಎಲ್ಲೋ ಓದಿದ ಸಂಗತಿಯೊಂದು ನನ್ನನ್ನು ಕಾಡುತ್ತಿತ್ತು. 1902ರಲ್ಲಿ ಅಮೆರಿಕದ ತರುಣ ಎಂಜಿನಿಯರ್ ವಿಲಿಸ್ ಕ್ಯಾರಿಯರ್ ಹವಾನಿಯಂತ್ರಣದ ವ್ಯವಸ್ಥೆಯನ್ನು ರೂಪಿಸಿದ್ದು ಮನುಷ್ಯರ ಸುಖಕ್ಕಾಗಿ ಅಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಒಂದು ಮುದ್ರಣಾಲಯದಲ್ಲಿ ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಬಣ್ಣದ ಅಚ್ಚುಗಳು ಒಂದರ ಮೇಲೊಂದು ಸರಿಯಾಗಿ ಕೂಡುತ್ತಿರಲಿಲ್ಲ. ಅದನ್ನು ತಡೆಯಲು ಅದು ಹುಟ್ಟಿತು. ಕಾಗದವನ್ನು ತೇವದಿಂದ ಕಾಯಲು ಬಂದ ಯಂತ್ರದಿಂದಲೇ ನನ್ನ ಕಾಗದಗಳು ಹೋದವು. ಯಂತ್ರವನ್ನು ದೂರಲು ನನಗೆ ಬಾಯಿಲ್ಲ. ಎಂಟು ಪುಸ್ತಕಗಳು ಸುರಕ್ಷಿತವಾಗಿವೆ. ಉಳಿದ ಮೂರರಲ್ಲಿ ಓದಲು ಬರುವ ಪುಟಗಳು ನೂರಕ್ಕೂ ಕಡಿಮೆ.

ಇನ್ನೊಂದು ಕೆಲಸ ಬಾಕಿಯಿತ್ತು. ಅದಕ್ಕೆ ನಾನು ಎರಡು ದಿನ ತೆಗೆದುಕೊಂಡೆ. ಸಾವಿರ ಜನರ ಮುಂದೆ ಪ್ರವಚನ ಮಾಡಿದವನಿಗೆ ಅಂದು ಮಾತು ಹೊರಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಆ ಹೆಣ್ಣುಮಗಳನ್ನು ಕೋಣೆಗೆ ಕರೆದು, ಮುರಿದ ಕೊಳವೆಯನ್ನೂ ಗೋಡೆಯ ಕಲೆಯನ್ನೂ ತೋರಿಸಿ, "ನೀರು ಇಲ್ಲಿಂದ ಬರುತ್ತಿತ್ತವ್ವಾ. ನಿನ್ನದೇನೂ ತಪ್ಪಿರಲಿಲ್ಲ. ನಾನು ಅಂದದ್ದು ತಪ್ಪಾಯಿತು" ಎಂದೆ. ನನ್ನ ಮನೆಯವರೂ ಬಾಗಿಲಲ್ಲಿ ನಿಂತಿದ್ದರು. ಆಕೆ ಗೋಡೆಯನ್ನು ಸ್ವಲ್ಪ ಹೊತ್ತು ನೋಡಿದಳು.

"ಹೋಗ್ಲಿ ಬಿಡ್ರಿ ಯಪ್ಪಾ. ನೀವು ಅಷ್ಟು ಸಲ ಅಂದ ಮ್ಯಾಲ ನನಗೂ ಹಂಗೇ ಅನಸಾಕತ್ತಿತ್ತು, ನನ್ನ ಕೈಯಾಗೇ ಏನೋ ಕಸುವು ಕಡಿಮಿ ಆಗ್ಯಾದ, ಅರಿವಿ ಸರಿ ಹಿಂಡಾಕ ಆಗವಲ್ದೇನೋ ಅಂತ" ಎಂದಳು.

ಅವರ ಹಿರಿಯರು ಬಂದಾಗ ಆ ಮಾತನ್ನು ಅವರೆದುರಿಗೂ ಹೇಳುವಂತೆ ನನ್ನ ಮನೆಯವರು ಸೂಚಿಸಿದರು. ಅಂದು ಮನೆಗೆ ಬಂದಿದ್ದ ಆ ಹಿರಿಯರು ಶ್ರಾವಣದಲ್ಲಿ ಮತ್ತೆ ಬಂದಾಗ, ಆಕೆ ಚಹಾದ ಬಟ್ಟಲು ಒಯ್ಯಲು ಬಂದ ಹೊತ್ತಿನಲ್ಲಿ, ಹೇಳಿದೆ. ಈಗ ಬೆಳಿಗ್ಗೆ ಕೊಳವೆಯ ಕೆಳಗಿನ ಬಕೆಟ್ಟನ್ನು ಎತ್ತಿ ಮಲ್ಲಿಗೆಗೆ ಹಾಕುವವಳು ಆಕೆಯೇ. ಏಳಕ್ಕಿಂತ ಮೊದಲು ಅದು ತುಂಬಿದ್ದರೆ ನಾನು ಹಾಕುತ್ತೇನೆ.