ಆಕಾಶದಿಂದ ಬಿದ್ದ ಪೇಪರು

ನಮ್ಮನೇಲಿ ಅಜ್ಜನ ಒಂದು ಕಬ್ಬಿಣದ ಟ್ರಂಕ್ ಇತ್ತು, ಬರ್ಮಾದಿಂದ ತಂದದ್ದು. ಯುದ್ಧದಲ್ಲಿ ಅವರು ಮಿಲಿಟರಿ ಲಾರಿ ಡ್ರೈವರು. ಟ್ರಂಕಿನ ತಳಕ್ಕೆ ಹಾಸಿದ್ದ ಇಂಗ್ಲಿಷ್ ಪೇಪರನ್ನು ಕಿತ್ತು ಹಳೇ ಪೇಪರಿನವನಿಗೆ ತೂಕಕ್ಕೆ ಹಾಕಿದ ಪುಣ್ಯಾತ್ಮ ನಾನೇ! ಆಗ ಐದನೇ ಕ್ಲಾಸು. ಅಜ್ಜ ಬೈಯಲಿಲ್ಲ. "ಅದು ಆಕಾಶದಿಂದ ಬಿದ್ದ ಪೇಪರು ಕಣೋ" ಅಂದು ಸುಮ್ಮನಾದರು. ವಯಸ್ಸಾಯ್ತು, ಏನೋ ಹೇಳ್ತಾರೆ ಅಂತ ನಾನು ನಕ್ಕುಬಿಟ್ಟೆ.

ಅಜ್ಜ ಹೋಗಿ ಎಷ್ಟೋ ವರ್ಷದ ಮೇಲೆ ಎಲ್ಲೋ ಒಂದು ಫೋಟೋ ನೋಡಿದೆ. ಪೇಪರಿನ ನೆತ್ತಿಯ ಮೇಲೆ ದಪ್ಪಕ್ಕೆ ನಾಲ್ಕು ಅಕ್ಷರ: ಎಸ್, ಇ, ಎ, ಸಿ. ಎದೆ ಧಸಕ್ ಅಂತು. ನಮ್ಮ ಟ್ರಂಕಿನದ್ದೂ ಅದೇ!

ಅದು ‘ಸಿಯಾಕ್’. ಮೌಂಟ್‌ಬ್ಯಾಟನ್ನರ ಆಗ್ನೇಯ ಏಷ್ಯಾ ಕಮಾಂಡಿನ ಸೈನಿಕರಿಗೆಂದೇ 1944ರ ಜನವರಿಯಲ್ಲಿ ಶುರುವಾದ ದಿನಪತ್ರಿಕೆ. ಸಂಪಾದಕ ಫ್ರಾಂಕ್ ಓವೆನ್, ಲಂಡನ್ನಿನ ‘ಈವ್ನಿಂಗ್ ಸ್ಟ್ಯಾಂಡರ್ಡ್’ನಲ್ಲಿ ಸಂಪಾದಕನಾಗಿದ್ದವನು. ಅಚ್ಚಾಗುತ್ತಿದ್ದದ್ದು ಕಲ್ಕತ್ತಾದ ಸ್ಟೇಟ್ಸ್‌ಮನ್ ಪ್ರೆಸ್ಸಿನಲ್ಲಿ. ರಸ್ತೆಯೇ ಇಲ್ಲದ ಬರ್ಮಾದ ಕಾಡಿನಲ್ಲಿದ್ದವರಿಗೆ ಊಟದ ಸಾಮಾನಿನ ಜೊತೆ ವಿಮಾನದಿಂದಲೇ ಕಟ್ಟು ಕಟ್ಟಾಗಿ ಉದುರಿಸುತ್ತಿದ್ದರಂತೆ. ಅಂದ್ರೆ ಅಜ್ಜ ಹೇಳಿದ್ದು ಅಕ್ಷರಶಃ ನಿಜ.

ತಮಾಷೆ ಏನು ಗೊತ್ತಾ? ಅಜ್ಜನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆ ಹದಿನಾಲ್ಕನೇ ಸೇನೆಯಲ್ಲಿ ಹೆಚ್ಚಿನವರು ನಮ್ಮವರೇ, ಪೇಪರು ಮಾತ್ರ ಇಂಗ್ಲಿಷು. 1909ರಲ್ಲೇ ಶುರುವಾದ ‘ಫೌಜಿ ಅಖ್ಬಾರ್’ ನಮ್ಮ ಸಿಪಾಯಿಗಳಿಗಾಗಿ ಇತ್ತು ನಿಜ, ಆದರೆ ಅದು ಕನ್ನಡದಲ್ಲೂ ಬಂದದ್ದು ಸ್ವಾತಂತ್ರ್ಯದ ನಂತರ, ‘ಸೈನಿಕ್ ಸಮಾಚಾರ್’ ಅಂತ ಹೆಸರು ಬದಲಾದ ಎಷ್ಟೋ ಕಾಲಕ್ಕೆ. ಹಾಗಾದರೆ ಓದಲಾಗದ ಪೇಪರನ್ನು ಬೆಂಗಳೂರಿನ ತನಕ ಯಾಕೆ ಹೊತ್ತು ತಂದರು? ಕೇಳೋಣ ಅಂದ್ರೆ ಈಗ ಅಜ್ಜ ಇಲ್ಲ.

ಅಲ್ಲಿಂದ ಹಿಡಿಯಿತು ನೋಡಿ ಹುಚ್ಚು. ಇದುವರೆಗೆ ಮೂರು ‘ಸಿಯಾಕ್’ ಸಿಕ್ಕಿವೆ. ದೆಹಲಿಯಿಂದ ಅಮೆರಿಕನ್ ಸೈನಿಕರಿಗಾಗಿ ಹೊರಡುತ್ತಿದ್ದ ‘ಸಿಬಿಐ ರೌಂಡಪ್’ ಒಂದು. ಮೊದಲನೆಯ ಮಹಾಯುದ್ಧದ ‘ವೈಪರ್ಸ್ ಟೈಮ್ಸ್’ ಕೂಡ ಸಿಕ್ಕಿತು ಅಂತ ಕುಣಿದಾಡಿದ್ದೆ. 1916ರಲ್ಲಿ ಬೆಲ್ಜಿಯಮ್ಮಿನ ಈಪ್ರ ಊರಿನ ಅವಶೇಷದಲ್ಲಿ ಸಿಕ್ಕ ಪ್ರೆಸ್ಸಿನಲ್ಲಿ ಸೈನಿಕರೇ ಅಚ್ಚು ಹಾಕಿದ್ದು ಅದು. (ಊರಿನ ಹೆಸರು ನಾಲಿಗೆಗೆ ಹೊರಳದೆ ‘ವೈಪರ್ಸ್’ ಅಂದುಬಿಟ್ಟರು!) ನನ್ನದು ನಕಲು. 1918ರಷ್ಟು ಹಿಂದೆಯೇ ಅದನ್ನು ಯಥಾಪ್ರತಿ ಪುಸ್ತಕವಾಗಿ ಮರುಮುದ್ರಿಸಿದ್ದರು, ಯಾರೋ ಅದರ ಹಾಳೆ ಬಿಡಿಸಿ ಮಾರಿದ್ದರು. ಹೆಂಡತಿಗೆ ಬೆಲೆ ಹೇಳಿಲ್ಲ, ನೀವೂ ಹೇಳಬೇಡಿ.

ಮೊದಲ ‘ಸಿಯಾಕ್’ ಸಿಕ್ಕಾಗ ಅದಕ್ಕಿಂತ ದೊಡ್ಡ ತಪ್ಪು ಮಾಡಿದೆ. ಭದ್ರವಾಗಿರಲಿ ಅಂತ ಲ್ಯಾಮಿನೇಶನ್ ಮಾಡಿಸಿದೆ. ಬಿಸಿಗೆ ಒಂದು ಮೂಲೆ ಸುಕ್ಕಾಗಿ ಕೂತಿತು, ಈಗ ಬಿಡಿಸಲೂ ಆಗಲ್ಲ. ಯುದ್ಧಕಾಲದ ಅಗ್ಗದ ಕಾಗದ, ಮಡಿಕೆಯಲ್ಲಿ ಮುಟ್ಟಿದರೆ ಹಪ್ಪಳ. ಉಳಿದವನ್ನು ಆಮ್ಲವಿಲ್ಲದ ಕಾಗದದ ನಡುವೆ ಮಲಗಿಸಿ, ಬಿಸಿಲು ಬೀಳದ ಕಡೆ ಇಟ್ಟಿದ್ದೇನೆ. ಎಲ್ಲಿ ಅಂತೀರಾ? ಅದೇ ಟ್ರಂಕಿನಲ್ಲಿ.

ನಮ್ಮ ಟ್ರಂಕಿನದ್ದು ಯಾವ ದಿನದ ಪೇಪರೋ ಗೊತ್ತಿಲ್ಲ. ಮೇಲಿನ ಎಡಮೂಲೆಯಲ್ಲಿ ಗ್ರೀಸಿನ ಬೆರಳಚ್ಚು ಇತ್ತು, ಅಷ್ಟೇ ನೆನಪು. ಹೊಸದೊಂದು ಕೈಗೆ ಬಂದಾಗ ಸುದ್ದಿ ಓದುವ ಮೊದಲು ಆ ಮೂಲೆ ನೋಡ್ತೀನಿ. ನಿಮ್ಮ ಮನೆ ಟ್ರಂಕಿನ ತಳದಲ್ಲೂ ಏನಾದರೂ ಇದ್ರೆ ಒಂದು ಕಾಮೆಂಟ್ ಹಾಕಿ. ದಯವಿಟ್ಟು ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ.