ಜೈಲಿನ ಗೋಡೆ ಪಕ್ಕದ ಮೈದಾನ

ಬೆಳಿಗ್ಗೆ ಒಂಬತ್ತಕ್ಕೇ ಬಿಸಿಲು ನೆತ್ತಿ ಸುಡುತ್ತಿದೆ. 2002ರ ಮೇ ತಿಂಗಳು. ಆಂಟಿಗಾ ದ್ವೀಪದ ರಾಜಧಾನಿ ಸೇಂಟ್ ಜಾನ್ಸ್. ಬಂದರಿನ ಕಡೆಯಿಂದ ನೀವು ಪೇಟೆಯ ಏರುರಸ್ತೆ ಹಿಡಿದಿದ್ದೀರಿ. ಕೆಥೆಡ್ರಲ್ಲಿನ ಅವಳಿ ಗೋಪುರಗಳು ತಗಡಿನ ಮಾಡುಗಳ ಮೇಲೆ ಎದ್ದು ಕಾಣುತ್ತಿವೆ. ಮೈದಾನ ಎಲ್ಲಿ ಎಂದು ಯಾರನ್ನೂ ಕೇಳಬೇಕಿಲ್ಲ. ಐಸ್‌ಪೆಟ್ಟಿಗೆ ಹೊತ್ತ ಗಂಡಸರು, ಮಕ್ಕಳ ಕೈ ಹಿಡಿದ ಹೆಂಗಸರು, ಕೊಡೆಯನ್ನೇ ಊರುಗೋಲು ಮಾಡಿಕೊಂಡ ಮುದುಕರು, ಎಲ್ಲರೂ ಒಂದೇ ದಿಕ್ಕಿಗೆ ಹೊರಟಿದ್ದಾರೆ. ಅವರ ಬೆನ್ನು ಹಿಡಿದರೆ ಆಯಿತು. ಮೈದಾನ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಡಬಲ್ ಡೆಕ್ಕರ್ ಸ್ಟ್ಯಾಂಡಿನಲ್ಲಿ ಡಿಜೆ ಚಿಕಿಯ ಸ್ಪೀಕರುಗಳು ಆಗಲೇ ಶುರುವಾಗಿವೆ.

ಇದು ಆಂಟಿಗಾ ರಿಕ್ರಿಯೇಷನ್ ಗ್ರೌಂಡ್. ಊರವರ ಬಾಯಲ್ಲಿ ಎಆರ್‌ಜಿ.

ಒಳಗೆ ಕಾಲಿಟ್ಟರೆ ಮೊದಲ ನೋಟಕ್ಕೆ ನಿರಾಸೆಯಾಗಬಹುದು. ಹಳೆಯ ಸ್ಟ್ಯಾಂಡುಗಳು, ಇಕ್ಕಟ್ಟಾದ ಮೆಟ್ಟಿಲು, ಒಂದಕ್ಕೊಂದು ಹೊಂದದ ಎತ್ತರ. ಹತ್ತು ಹನ್ನೆರಡು ಸಾವಿರ ಜನ ಹಿಡಿಸಿದರೆ ಹೆಚ್ಚು. ಒಂದು ಮಗ್ಗುಲಿಗೆ 1735ರಲ್ಲಿ ಕಟ್ಟಿದ ಜೈಲು. ಆ ಜೈಲಿನ ಕೈದಿಗಳೇ ಇಲ್ಲಿ ಪಿಚ್‌ಗೆ ರೋಲರ್ ಎಳೆದವರು, ಹುಲ್ಲು ಕತ್ತರಿಸಿದವರು. ವಿವಿಯನ್ ರಿಚರ್ಡ್ಸ್ ಅವರ ತಂದೆ ಅದೇ ಜೈಲಿನಲ್ಲಿ ಕೆಲಸಕ್ಕಿದ್ದರು. ಮಗ ಗೋಡೆಯ ಈಚೆ ಬೆಳೆದು ಜಗತ್ತಿನ ಬೌಲರುಗಳನ್ನು ನಡುಗಿಸಿದ. 1981ರ ಮಾರ್ಚ್ 27ರಂದು ಈ ಮೈದಾನದ ಮೊಟ್ಟಮೊದಲ ಟೆಸ್ಟ್ ಇಂಗ್ಲೆಂಡ್ ಎದುರು ಆರಂಭವಾದಾಗ ರಿಚರ್ಡ್ಸ್‌ಗೆ ಮದುವೆಯಾಗಿ ವಾರವೂ ಆಗಿರಲಿಲ್ಲ. ಮದುಮಗ ತನ್ನೂರಿನ ಜನರ ಮುಂದೆ ಶತಕ ಹೊಡೆದ. ಐದು ವರ್ಷ ಕಳೆದು ಇದೇ ಇಂಗ್ಲೆಂಡ್ ಎದುರು ಇದೇ ನೆಲದ ಮೇಲೆ 56 ಎಸೆತಗಳಲ್ಲಿ ಇನ್ನೊಂದು.

ಹಸಿವಾದರೆ ಊಟಕ್ಕೆ ಇಲ್ಲಿ ಸಂಕೋಚ ಬೇಡ. ತಟ್ಟೆಗೆ ಬೀಳುವ ಹಳದಿ ಉಂಡೆಯ ಹೆಸರು ಫಂಜಿ. ಮೆಕ್ಕೆಜೋಳದ ಹಿಟ್ಟಿಗೆ ಬೆಂಡೆಕಾಯಿ ಹಾಕಿ, ಕುದಿವ ನೀರಿನಲ್ಲಿ ಕೋಲಿನಿಂದ ತೊಳಸಿ, ಗಂಟಿಲ್ಲದ ಹಾಗೆ ತಿರುವಿ ಕಟ್ಟಿದ್ದು. ಮಂಡ್ಯದವರಿಗೆ ಕೊಟ್ಟರೆ ರಾಗಿ ಮುದ್ದೆಯ ನೆಂಟನೆಂದು ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ. ಜೊತೆಗೆ ಉಪ್ಪು ಮೀನು. ಮನೆಯಿಂದ ತಂದ ಡಬ್ಬಿ ಬಿಚ್ಚಿದವರು ಪಕ್ಕದವರಿಗೂ ಒಂದು ತುಂಡು ಚಾಚುತ್ತಾರೆ. ಮೂರು ಸಾಲು ಹಿಂದೆ ಯಾರೋ ಶಂಖ ಊದುತ್ತಾರೆ. ಓವರ್ ಮುಗಿದರೆ ಹಾಡು, ಬೌಲರ್ ಓಡಿ ಬರುವಾಗ ಮೌನ, ಮತ್ತೆ ಹಾಡು. ಈ ತಾಳವನ್ನು ಯಾರೂ ಕಲಿಸಿದ್ದಲ್ಲ. ಗ್ರೇವಿ ಎಂಬ ಕುಣಿತಗಾರ ವರ್ಷಗಟ್ಟಲೆ ಇಲ್ಲಿ ವೇಷ ಹಾಕಿ ಜನರನ್ನು ನಗಿಸಿ, 2000ದಲ್ಲಿ ಮದುವಣಗಿತ್ತಿಯ ಬಿಳಿ ಗೌನು ತೊಟ್ಟು ಕಡೆಯ ಸಲ ಕುಣಿದು ವಿದಾಯ ಹೇಳಿದ. ಒಬ್ಬ ಪ್ರೇಕ್ಷಕನ ನಿವೃತ್ತಿಯೂ ಸುದ್ದಿಯಾಗುವ ಮೈದಾನ ಇದು.

ಈಗ ಆಟದ ಕಡೆ ತಿರುಗಿ. ಭಾರತ 9 ವಿಕೆಟ್‌ಗೆ 513 ಹೊಡೆದು ಡಿಕ್ಲೇರ್ ಮಾಡಿಕೊಂಡಿದೆ. ಲಕ್ಷ್ಮಣ್, ಅಜಯ್ ರಾತ್ರಾ ಇಬ್ಬರದೂ ಶತಕ. ವಿಂಡೀಸ್ ಬ್ಯಾಟಿಂಗ್ ಶುರುವಾಗಿದೆ. ಪೆವಿಲಿಯನ್ನಿನಿಂದ ಒಬ್ಬ ಎತ್ತರದ ಆಳು ಇಳಿದು ಬರುತ್ತಿದ್ದಾರೆ. ಗಲ್ಲದ ಕೆಳಗಿನಿಂದ ನೆತ್ತಿಯವರೆಗೆ ಬಿಳಿ ಪಟ್ಟಿ ಬಿಗಿದಿದೆ. ಬ್ಯಾಟಿಂಗ್ ಮಾಡುವಾಗ ಮರ್ವಿನ್ ಡಿಲನ್ ಎಸೆತ ಬಡಿದು ಅನಿಲ್ ಕುಂಬ್ಳೆಯವರ ದವಡೆ ಮುರಿದಿದೆ. ಶಸ್ತ್ರಚಿಕಿತ್ಸೆಗೆ ಬೆಂಗಳೂರಿಗೆ ಹೊರಡಬೇಕಾದ ಮನುಷ್ಯ ಚೆಂಡು ಕೈಗೆ ತೆಗೆದುಕೊಳ್ಳುತ್ತಿದ್ದಾರೆ. ಇಲ್ಲಿ ನಿಮಗೂ ಬೌಂಡರಿ ಗೆರೆಗೂ ಹೆಚ್ಚು ಅಂತರವಿಲ್ಲ. ಪಟ್ಟಿಯ ಮಡಿಕೆ ಕಾಣುತ್ತದೆ, ಬಿಗಿದ ತುಟಿ ಕಾಣುತ್ತದೆ. ಅದೇ ಹೊತ್ತಿಗೆ ಕರ್ನಾಟಕದಲ್ಲಿ ರಾತ್ರಿ. ಟಿವಿ ಮುಂದೆ ಕೂತವರು ತಮ್ಮ ದವಡೆ ತಾವೇ ಮುಟ್ಟಿ ನೋಡಿಕೊಳ್ಳುತ್ತಿದ್ದಾರೆ. ಹದಿನಾಲ್ಕು ಓವರ್ ಎಸೆಯುತ್ತಾರೆ ಕುಂಬ್ಳೆ. ಲಾರಾ ಕಾಲಿಗೆ ಚೆಂಡು ಬಡಿಯುತ್ತದೆ, ಮನವಿ, ಅಂಪೈರ್ ಬೆರಳು ಮೇಲೇಳುತ್ತದೆ. ಎಂಟು ವರ್ಷದ ಹಿಂದೆ ಇದೇ ಪಿಚ್‌ನಲ್ಲಿ 375 ಬಾರಿಸಿ ನೆಲಕ್ಕೆ ಮುತ್ತಿಟ್ಟ ಲಾರಾ ಬರೀ ನಾಲ್ಕಕ್ಕೆ ಹಿಂತಿರುಗುತ್ತಾರೆ.

ಆ ಟೆಸ್ಟ್ ಡ್ರಾ ಆಯಿತು. ವಿಂಡೀಸ್ 629 ಹೊಡೆಯಿತು, ಭಾರತದ ಹನ್ನೊಂದೂ ಜನ ಬೌಲ್ ಮಾಡಿದರು, ವಿಕೆಟ್‌ಕೀಪರೂ ಸೇರಿ. ಕೈದಿಗಳು ಉರುಳಿಸಿದ ಪಿಚ್ ಬೌಲರುಗಳಿಗೆ ಕರುಣೆ ತೋರಿದ್ದು ಕಡಿಮೆ. 2003ರಲ್ಲಿ ವಿಂಡೀಸ್ ಆಸ್ಟ್ರೇಲಿಯಾ ವಿರುದ್ಧ ನಾಲ್ಕನೇ ಇನಿಂಗ್ಸ್‌ನಲ್ಲಿ 418 ಬೆನ್ನಟ್ಟಿ ಗೆದ್ದದ್ದು ಇಲ್ಲಿಯೇ. 2004ರ ಏಪ್ರಿಲ್ 12ರಂದು ಲಾರಾ ಅಜೇಯ 400 ಮುಟ್ಟಿದ್ದೂ ಇಲ್ಲಿಯೇ.

ಇಷ್ಟೆಲ್ಲ ಕಂಡ ನೆಲವನ್ನು 2007ರ ವಿಶ್ವಕಪ್ ಬರುತ್ತಿದೆಯೆಂದು ಬದಿಗಿಟ್ಟರು. 2006ರ ಜೂನ್‌ನಲ್ಲಿ ಇಲ್ಲಿ ಆಡಿದ ಭಾರತ ತಂಡದ ನಾಯಕ ರಾಹುಲ್ ದ್ರಾವಿಡ್. ವಸೀಂ ಜಾಫರ್ ದ್ವಿಶತಕ ಹೊಡೆದರು, ವಿಂಡೀಸ್ ಒಂಬತ್ತು ವಿಕೆಟ್ ಕಳೆದುಕೊಂಡು ಹೇಗೋ ಸೋಲು ತಪ್ಪಿಸಿಕೊಂಡಿತು. ಎಆರ್‌ಜಿಯ ಟೆಸ್ಟ್ ಬದುಕು ಅಲ್ಲಿಗೆ ಮುಗಿಯಿತೆಂದೇ ಎಲ್ಲರ ಎಣಿಕೆ.

ಹೊಸ ಕ್ರೀಡಾಂಗಣ ನಾರ್ತ್ ಸೌಂಡ್ ಎಂಬಲ್ಲಿ. ಬಹುಪಾಲು ಹಣ ಚೀನಾ ಸರ್ಕಾರದ ಅನುದಾನ, ಕಟ್ಟಿದವರೂ ಚೀನಾದ ಕೆಲಸಗಾರರು. ಹೆಸರು ಸರ್ ವಿವಿಯನ್ ರಿಚರ್ಡ್ಸ್ ಕ್ರೀಡಾಂಗಣ. ಸೇಂಟ್ ಜಾನ್ಸ್‌ನಿಂದ ಕಾರಿನಲ್ಲಿ ಹತ್ತು ಹದಿನೈದು ನಿಮಿಷ. ಬೆಂಗಳೂರಿನವರಿಗೆ ಅದು ದೂರವೇ ಅಲ್ಲ, ಒಂದು ಸಿಗ್ನಲ್ ದಾಟುವ ಹೊತ್ತು. ಆದರೆ ನೀವು ಪೇಟೆಯ ಅಂಗಡಿಯಲ್ಲಿ ಕೆಲಸ ಮಾಡುವವರು ಎಂದುಕೊಳ್ಳಿ. ಎಆರ್‌ಜಿಗೆ ಊಟದ ಬಿಡುವಿನಲ್ಲಿ ಒಂದು ಗಳಿಗೆ ಇಣುಕಿ ಬರಬಹುದಿತ್ತು, ಸಂಜೆ ಬಾಗಿಲು ಹಾಕಿ ಕಡೆಯ ಗಂಟೆ ನೋಡಬಹುದಿತ್ತು. ನಾರ್ತ್ ಸೌಂಡ್‌ಗೆ ಹೋಗಬೇಕಾದರೆ ರಜೆ ಹಾಕಬೇಕು, ವಾಹನ ಹೊಂದಿಸಬೇಕು, ಇಡೀ ದಿನ ಅದಕ್ಕೇ ಎತ್ತಿಡಬೇಕು. ಐದು ದಿನದ ಆಟವನ್ನು ಜೀವಂತವಾಗಿಟ್ಟದ್ದೇ ಹೀಗೆ ಬಿಡಿಬಿಡಿಯಾಗಿ ಬಂದು ಹೋಗುವ ಜನ. ನಕ್ಷೆ ಬರೆದವರು ಅವರನ್ನು ಲೆಕ್ಕಕ್ಕೇ ಹಿಡಿಯಲಿಲ್ಲ ಎನ್ನುವುದು ನನ್ನ ದೂರು.

ಹಳೆಯ ಮೈದಾನಕ್ಕೆ ಕುಂದುಗಳಿರಲಿಲ್ಲ ಎಂದು ವಾದಿಸಲಾರೆ. ಫುಟ್‌ಬಾಲ್, ಕಾರ್ನಿವಲ್ ಎಲ್ಲವೂ ಅದೇ ಹುಲ್ಲಿನ ಮೇಲೆ. ಔಟ್‌ಫೀಲ್ಡ್ ಉಬ್ಬುತಗ್ಗು, ಸೌಕರ್ಯ ಅಷ್ಟಕ್ಕಷ್ಟೇ. ಊರ ನಡುವಿನ ಕ್ರೀಡಾಂಗಣ ಅಪಾಯವನ್ನೂ ತರಬಲ್ಲದು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜೀವ ಹೋದ ಮೇಲೆ ಆ ಮಾತನ್ನು ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನ ಹೊರವಲಯದ ಸೂರ್ಯನಗರದಲ್ಲಿ 80,000 ಆಸನಗಳ ಕ್ರೀಡಾಂಗಣದ ಯೋಜನೆ ಈಗ ನಮ್ಮ ಮುಂದಿದೆ. ಅದನ್ನು ಕಟ್ಟುವವರು ಆಂಟಿಗಾದ ಕತೆಯನ್ನು ಮೊದಲು ಓದಿಕೊಳ್ಳಲಿ ಎಂಬುದು ನನ್ನ ಆಸೆ.

ಈಗ 2007ರ ಮಾರ್ಚ್ 27. ಎಆರ್‌ಜಿಯ ಮೊದಲ ಟೆಸ್ಟ್ ಶುರುವಾಗಿ ಸರಿಯಾಗಿ ಇಪ್ಪತ್ತಾರು ವರ್ಷ. ನೀವು ನಾರ್ತ್ ಸೌಂಡ್‌ನ ಗೇಟಿನ ಸಾಲಿನಲ್ಲಿ ನಿಂತಿದ್ದೀರಿ. ಒಳಗೆ ಆಸ್ಟ್ರೇಲಿಯಾ, ವೆಸ್ಟ್ ಇಂಡೀಸ್ ಸೂಪರ್ ಎಂಟರ ಪಂದ್ಯ. ಚೀಲ ಬಿಚ್ಚಿ ತೋರಿಸಬೇಕು. ಮನೆಯ ಡಬ್ಬಿಗೆ ಪ್ರವೇಶವಿಲ್ಲ. ವಾದ್ಯ ನುಡಿಸುವುದಾದರೆ ಮುಂಚಿತವಾಗಿ ಅನುಮತಿ ಪಡೆದಿರಬೇಕು. ಟಿಕೆಟ್ ದರವೋ ಪ್ರವಾಸಿಗರ ಜೇಬು ನೋಡಿ ಇಟ್ಟದ್ದು. ಒಳಗೆ ಬಂದು ಕೂತರೆ ಕುರ್ಚಿ ಹೊಸದು, ನೆರಳು ಹಿತ, ಕಣ್ಣಿಗೆ ಯಾವ ಅಡ್ಡಿಯೂ ಇಲ್ಲ. ಮ್ಯಾಥ್ಯೂ ಹೇಡನ್ 158 ಹೊಡೆಯುತ್ತಿದ್ದಾರೆ. ಚೆಂಡು ಬ್ಯಾಟಿಗೆ ತಗುಲಿದ ಸದ್ದು ಸ್ಪಷ್ಟವಾಗಿ ಕೇಳಿಸುತ್ತಿದೆ, ಯಾಕೆಂದರೆ ಸುತ್ತಲಿನ ಕುರ್ಚಿಗಳಲ್ಲಿ ಜನ ಸಾಲದು. ಕೆರಿಬಿಯನ್ ಕ್ರಿಕೆಟನ್ನು ನೋಡಲೆಂದೇ ಸಾಗರ ದಾಟಿ ಬಂದವರಿಗೆ ಕೆರಿಬಿಯನ್ ಜನರೇ ಅಪರೂಪವಾದರು. ಟೂರ್ನಿ ಅರ್ಧ ದಾರಿಗೆ ಬಂದಾಗ ಸಂಘಟಕರು ನಿಯಮ ಸಡಿಲಿಸಿದರು. ಅಷ್ಟರಲ್ಲಿ ಮನಸ್ಸು ಮುರಿದಿತ್ತು.

ಇದು ಆಂಟಿಗಾ ಒಂದರದೇ ಪಾಡಲ್ಲ. ಗಯಾನಾದಲ್ಲಿ ಕಾಲುವೆಯಿಂದ ಸುತ್ತುವರಿದ ಹಳೆಯ ಬೂರ್ಡಾ ಮೈದಾನ ಬಿಟ್ಟು, ಭಾರತ ಸರ್ಕಾರದ ನೆರವಿನಿಂದ ಪ್ರಾವಿಡೆನ್ಸ್‌ನಲ್ಲಿ ಹೊಸದು ಎದ್ದಿತು. ಜಮೈಕಾದ ಟ್ರೆಲಾನಿಯಲ್ಲಿ ಕಟ್ಟಿದ್ದಕ್ಕೆ ಆಮೇಲೆ ಕ್ರಿಕೆಟ್ ಸಿಕ್ಕಿದ್ದೇ ಕಡಿಮೆ.

2009ರ ಫೆಬ್ರವರಿ 13, ಶುಕ್ರವಾರ. ಮತ್ತೆ ನಾರ್ತ್ ಸೌಂಡ್, ಎದುರಾಳಿ ಇಂಗ್ಲೆಂಡ್. ಅವರ ಅಭಿಮಾನಿಗಳು ಸಾವಿರಗಟ್ಟಲೆ ಬಂದಿದ್ದಾರೆ. ಮಳೆನೀರು ಇಂಗಲೆಂದು ಔಟ್‌ಫೀಲ್ಡಿಗೆ ಮರಳು ಹಾಸಿ ಹೊಸ ಹುಲ್ಲು ಕೂರಿಸಿದ್ದಾರೆ. ಅದು ಇನ್ನೂ ಬೇರು ಹಿಡಿದಿಲ್ಲ. ಜೆರೋಮ್ ಟೇಲರ್ ಮೊದಲ ಓವರ್ ಮುಗಿಸುತ್ತಾರೆ. ಫಿಡೆಲ್ ಎಡ್ವರ್ಡ್ಸ್ ಓಡಿ ಬರುತ್ತಾರೆ, ಅರ್ಧದಲ್ಲಿ ನಿಲ್ಲುತ್ತಾರೆ. ಬೂಟು ಮರಳಿನಲ್ಲಿ ಹೂತುಹೋಗುತ್ತಿದೆ. ಕಾಲಿನಿಂದ ಕೆದರಿದರೆ ಕಡಲತೀರದ ಹಾಗೆ ಬಿಳಿ ಪುಡಿ ಏಳುತ್ತದೆ. ಅಂಪೈರುಗಳು ಮಾತಾಡುತ್ತಾರೆ, ನಾಯಕರಾದ ಗೇಲ್ ಮತ್ತು ಸ್ಟ್ರಾಸ್ ಬಂದು ಸೇರುತ್ತಾರೆ, ಮ್ಯಾಚ್ ರೆಫರಿ ಇಳಿದು ಬರುತ್ತಾರೆ. ಸ್ಕೋರು ವಿಕೆಟ್ ನಷ್ಟವಿಲ್ಲದೆ 7. ಹತ್ತು ಎಸೆತಕ್ಕೆ ಟೆಸ್ಟ್ ರದ್ದು. ಮುಂದೆ ಐಸಿಸಿ ಈ ಕ್ರೀಡಾಂಗಣಕ್ಕೆ ಹನ್ನೆರಡು ತಿಂಗಳು ಅಮಾನತಿನ ಶಿಕ್ಷೆ ಕೊಟ್ಟಿತು. ಜಗತ್ತಿನ ಶ್ರೇಷ್ಠ ಬ್ಯಾಟ್ಸ್‌ಮನ್ ಒಬ್ಬರ ಹೆಸರು ಹೊತ್ತ ಜಾಗಕ್ಕೆ ಈ ಗತಿ ಬಂದದ್ದು ನೋವಿನ ಸಂಗತಿ.

ಆಟ ಎಲ್ಲಿಗೆ ಹೋಗಬೇಕು? ಉತ್ತರ ಊರಿನ ನಡುವೆಯೇ ಇತ್ತು. ಎರಡೇ ದಿನದಲ್ಲಿ ಎಆರ್‌ಜಿಯ ಬೀಗ ತೆಗೆದರು, ಕಸ ಗುಡಿಸಿದರು, ಪಿಚ್ ಸಜ್ಜು ಮಾಡಿದರು. ಭಾನುವಾರ, ಫೆಬ್ರವರಿ 15ರಂದು ಟೆಸ್ಟ್ ಶುರು. ಔಟ್‌ಫೀಲ್ಡ್ ಒರಟೇ, ಆದರೆ ಬೌಲರ್ ಓಡಿ ಬರಬಹುದಿತ್ತು. ಸ್ಟ್ರಾಸ್ 169 ಹೊಡೆದರು. ವಿಂಡೀಸ್‌ಗೆ ಗುರಿ 503; ಕಡೆಯ ದಿನ ಸರವಣ್ ಶತಕ ಹೊಡೆದು ತಡೆದರು. ಒಂಬತ್ತನೇ ವಿಕೆಟ್ ಬಿದ್ದಾಗ ಇನ್ನೂ ಹತ್ತು ಓವರ್ ಬಾಕಿ. ಡ್ಯಾರೆನ್ ಪವೆಲ್, ಫಿಡೆಲ್ ಎಡ್ವರ್ಡ್ಸ್, ಇಬ್ಬರಿಗೂ ಬ್ಯಾಟಿಂಗ್ ಅಷ್ಟಕ್ಕಷ್ಟೆ. ನೀವು ಸಾಲಿನ ತುದಿಗೆ ಸರಿದು ಕೂತಿದ್ದೀರಿ. ಬ್ಯಾಟಿನ ಸುತ್ತ ಫೀಲ್ಡರುಗಳ ಬೇಲಿ, ಪ್ರತಿ ಎಸೆತಕ್ಕೂ ಚೀರಾಟ, ಪ್ರತಿ ತಡೆಗೂ ಚಪ್ಪಾಳೆ. ಕಡೆಯ ಎಸೆತವನ್ನೂ ತಡೆದಾಗ ಸ್ಕೋರು 9 ವಿಕೆಟ್‌ಗೆ 370. ಗೆಲುವಿಲ್ಲ, ಆದರೂ ಪೇಟೆಯೇ ಗೆದ್ದ ಸಂಭ್ರಮ.

ಆಮೇಲೆ ಟೆಸ್ಟ್‌ಗಳು ನಾರ್ತ್ ಸೌಂಡ್‌ಗೇ ಮರಳಿದವು. ಹುಲ್ಲು ಬೇರು ಹಿಡಿಯಿತು. 2016ರ ಜುಲೈನಲ್ಲಿ ಭಾರತ ಅಲ್ಲಿ ಇನಿಂಗ್ಸ್ ಮತ್ತು 92 ರನ್‌ಗಳಿಂದ ಗೆದ್ದಿತು. ವಿರಾಟ್ ಕೊಹ್ಲಿ 200, ಅಶ್ವಿನ್ ಶತಕದ ಜೊತೆಗೆ ಏಳು ವಿಕೆಟ್. ತಂಡದ ಕೋಚ್ ಅನಿಲ್ ಕುಂಬ್ಳೆ. ಆಟ ಸೊಗಸಾಗಿತ್ತು, ಗ್ಯಾಲರಿ ತುಂಬಲಿಲ್ಲ.

ಕಟ್ಟಿದ್ದನ್ನು ಕೆಡವಿ ಎಂದು ನಾನು ಕೇಳುತ್ತಿಲ್ಲ. ಟೆಸ್ಟ್ ನಡೆಯುವ ದಿನ ಸೇಂಟ್ ಜಾನ್ಸ್ ಮಾರುಕಟ್ಟೆಯಿಂದ ಗಂಟೆಗೊಂದು ಬಸ್ ಬಿಡಲಿ. ಟೀ ವಿರಾಮದ ನಂತರ ಬರುವವರಿಗೆ ಚಿಲ್ಲರೆ ಕಾಸಿನ ಟಿಕೆಟ್ ಇರಲಿ, ಶಾಲೆಯ ಮಕ್ಕಳಿಗೆ ಅದೂ ಬೇಡ. ಮನೆಯ ಡಬ್ಬಿಯನ್ನು, ಶಂಖವನ್ನು ಗೇಟಿನಲ್ಲಿ ತಡೆಯದಿರಲಿ. ಕೆಲವು ವರ್ಷಕ್ಕೊಮ್ಮೆಯಾದರೂ ಒಂದು ಟೆಸ್ಟನ್ನು ಎಆರ್‌ಜಿಗೆ ಕೊಡಲಿ. ಅದಕ್ಕೆ ಬೇಕಾದ ರಿಪೇರಿಯ ಹಣವನ್ನು ವಿಂಡೀಸ್ ಮಂಡಳಿ, ಐಸಿಸಿ ಇಬ್ಬರೂ ಸೇರಿ ಹಾಕಲಿ. ಎರಡು ದಿನದಲ್ಲಿ ಮೈದಾನ ಸಜ್ಜು ಮಾಡಿಕೊಟ್ಟ ಊರಿಗೆ ಅಷ್ಟು ಸಲ್ಲಬೇಕು.